ಮೆಕ್ಸಿಕನ್ ಲಾನ್: ಮಳೆಗಾಲದಲ್ಲೂ ಹಳದಿ ತೇಪೆ, ಜೊತೆಗೆ ಜೇಕು ಕಳೆ. ವರ್ಷವಿಡೀ ಆರೈಕೆ ಹೇಗೆ?

ಅಂಗಳದವರು:
ಊರು ಮೈಸೂರು, ಕೆಮ್ಮಣ್ಣು. ಮನೆ ಮುಂದೆ 20×30 ಅಡಿ ಮೆಕ್ಸಿಕನ್ ಹುಲ್ಲು, ಹಾಕಿಸಿ ಮೂರು ವರ್ಷ. ಬೋರ್‌ವೆಲ್ ನೀರು, ದಿನಾ ಸಂಜೆ ಹತ್ತು ನಿಮಿಷ ಪೈಪ್ ಹಿಡಿಯುತ್ತೇವೆ. ಮಾಲಿ ತಿಂಗಳಿಗೊಮ್ಮೆ ನೆಲ ಮುಟ್ಟ ಕತ್ತರಿಸಿ ಯೂರಿಯಾ ಎರಚುತ್ತಾರೆ. ಎರಡು ವಾರ ಹಸಿರು, ಆಮೇಲೆ ಮತ್ತೆ ಹಳದಿ. ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ. ನಡುನಡುವೆ ಜೇಕು. ಈಗ ಜುಲೈ, ಎಲ್ಲಿಂದ ಶುರು ಮಾಡಲಿ?

ಹುಲ್ಲುಮಡಿ:
ಮೊದಲು ಯೂರಿಯಾ ನಿಲ್ಲಿಸಿ. ಚಾಕುವಿನಿಂದ ಒಂದು ತುಂಡು ಕೊಯ್ದು ಎತ್ತಿ ನೋಡಿ. ಹಸಿರು ಎಲೆಗೂ ಮಣ್ಣಿಗೂ ನಡುವೆ ಕಂದು ನಾರಿನ ಪದರ ಇರುತ್ತದೆ. ಅದು ಅರ್ಧ ಇಂಚು ದಾಟಿದ್ದರೆ ನೀರು, ಗೊಬ್ಬರ ಎರಡೂ ಮಣ್ಣಿಗೆ ಸರಿಯಾಗಿ ಇಳಿಯುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ನೀರು ಸಿಕ್ಕರೆ ಬೇರು ಆ ನಾರಿನಲ್ಲೇ ಉಳಿದುಬಿಡುತ್ತದೆ. ಯೂರಿಯಾ ಹಾಕಿದಷ್ಟೂ ಆ ಪದರ ದಪ್ಪವಾಗುತ್ತದೆ. ಮೆಕ್ಸಿಕನ್ ಹುಲ್ಲಿಗೆ ಈ ತೊಂದರೆ ಹೆಚ್ಚು.

ಹುಲ್ಲು ಚೆನ್ನಾಗಿ ಬೆಳೆಯುವ ಕಾಲ ಇದೇ, ಹಾಗಾಗಿ ಈಗಲೇ ಮಾಡಿ. ತಂತಿ ಹಲ್ಲಿನ ಕುಂಟೆಯಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆದು ಸತ್ತ ನಾರು ತೆಗೆಯಿರಿ. ಗಾರ್ಡನ್ ಫೋರ್ಕ್ ಅನ್ನು ಐದಾರು ಇಂಚಿಗೊಂದರಂತೆ, ನಾಲ್ಕು ಇಂಚು ಆಳಕ್ಕೆ ಚುಚ್ಚಿ ಸ್ವಲ್ಪ ಅಲುಗಾಡಿಸಿ. ಆಮೇಲೆ ಎರಡು ಪಾಲು ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ಕಾಲು ಇಂಚು ಹರಡಿ. ನಿಮ್ಮ ಜಾಗಕ್ಕೆ ಸುಮಾರು 12 ಘನ ಅಡಿ ಬೇಕು. ಎಲೆಯ ತುದಿ ಕಾಣುತ್ತಿರಲೇಬೇಕು, ಮುಚ್ಚಿಹೋದರೆ ಹುಲ್ಲು ಕೊಳೆಯುತ್ತದೆ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಹಾಕಿ. ಅದರ ಕಲ್ಲುಪುಡಿ ಒಣಗಿದ ಮೇಲೆ ಗಟ್ಟಿ ಪದರವಾಗುತ್ತದೆ. ಈ ಹುಲ್ಲು ಚೇತರಿಸಿಕೊಳ್ಳುವುದು ನಿಧಾನ, ಒಂದೂವರೆ ತಿಂಗಳು ಕಾಯಿರಿ. ಇದೇ ಕೆಲಸ ಮಾರ್ಚ್‌ನಲ್ಲಿ ಮಾಡಿದರೆ ಬೋಳು ನೆಲ ಬಿಸಿಲಿಗೆ ಸುಟ್ಟುಹೋಗುತ್ತದೆ.

ಕತ್ತರಿಸುವ ಎತ್ತರ ಒಂದರಿಂದ ಒಂದೂವರೆ ಇಂಚು, ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಪಾಲು ಮಾತ್ರ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ, ಡಿಸೆಂಬರ್-ಜನವರಿಯಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಬ್ಲೇಡ್ ಮೊಂಡಾಗಿದ್ದರೆ ಎಲೆ ತುದಿ ಹರಿದು ಇಡೀ ಲಾನ್ ಬೂದುಬಣ್ಣವಾಗುತ್ತದೆ. ಅದನ್ನು ರೋಗವೆಂದುಕೊಂಡು ಔಷಧಿ ಹೊಡೆಯುವವರು ಬಹಳ.

ಬೇಸಿಗೆಯಲ್ಲಿ ವಾರಕ್ಕೆ ಒಂದು ಇಂಚು ನೀರು, ಅಂದರೆ ನಿಮ್ಮ ಜಾಗಕ್ಕೆ ಸುಮಾರು 1,400 ಲೀಟರ್. ಎರಡು ಸಲಕ್ಕೆ ಹಂಚಿ ಬೆಳಿಗ್ಗೆ ಬಿಡಿ. ಖಾಲಿ ಡಬ್ಬಿ ಇಟ್ಟು ನೋಡಿದರೆ ಒಂದು ಸಲಕ್ಕೆ ಅರ್ಧ ಇಂಚು ತುಂಬಬೇಕು. ನಡೆದ ಹೆಜ್ಜೆ ಗುರುತು ಹುಲ್ಲಿನ ಮೇಲೆ ಹಾಗೇ ಉಳಿದರೆ ನೀರಿನ ಸಮಯ ಬಂತು ಅಂತ. ಚಳಿಗಾಲದಲ್ಲಿ ಅರ್ಧಕ್ಕೆ ಇಳಿಸಿ. ಸಂಜೆ ನೀರು ಬೇಡವೇ ಬೇಡ, ರಾತ್ರಿಯಿಡೀ ಎಲೆ ತೇವ ಇದ್ದರೆ ಶಿಲೀಂಧ್ರ ಹತ್ತುತ್ತದೆ.

ಗಡ್ಡೆಬೇರು:
ಜೇಕನ್ನು ಕೈಯಲ್ಲಿ ಎಳೆದರೆ ಕಡ್ಡಿ ಬರುತ್ತದೆ, ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಮಣ್ಣು ಹಸಿ ಇರುವಾಗ ಉದ್ದನೆಯ ಉಳಿಯಿಂದ ಗಡ್ಡೆ ಸಮೇತ ಎಬ್ಬಿಸಿ. ತುಂಬಾ ಹಬ್ಬಿದ್ದರೆ ಕಬ್ಬಿನ ಗದ್ದೆಗೆ ಬಳಸುವ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ 75% ಎಂಬ ಕಳೆನಾಶಕ ಇದೆ, ಮೆಕ್ಸಿಕನ್ ಮತ್ತು ಗರಿಕೆ ಅದನ್ನು ತಡೆದುಕೊಳ್ಳುತ್ತವೆ. ಎಕರೆಗೆ 36 ಗ್ರಾಂ ಲೆಕ್ಕದಲ್ಲಿ ನಿಮಗೆ ಬೇಕಾದದ್ದು ಅರ್ಧ ಗ್ರಾಂ, ಎರಡೂವರೆ ಲೀಟರ್ ನೀರಿಗೆ. ಕಣ್ಣಂದಾಜು ಬೇಡ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು. ಜೇಕಿಗೆ ಮೂರು ನಾಲ್ಕು ಎಲೆ ಬಂದಾಗ, ಮಳೆ ಬಿಡುವು ನೋಡಿ ಹೊಡೆಯಿರಿ. ಹಿಂದೆ ಮುಂದೆ ಎರಡೆರಡು ದಿನ ಹುಲ್ಲು ಕತ್ತರಿಸಬೇಡಿ. ಜೇಕು ಒಣಗಲು ಎರಡು ಮೂರು ವಾರ ಹಿಡಿಯುತ್ತದೆ.

ಹುಲ್ಲುಮಡಿ:
ಹಳದಿ ಬಗ್ಗೆ ಇನ್ನೊಂದು ಮಾತು. ಹೊಸ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದೆಯೇ? ಹಾಗಿದ್ದರೆ ಗಡಸು ಬೋರ್‌ವೆಲ್ ನೀರಿನಿಂದ ಕಬ್ಬಿಣ ಬೇರಿಗೆ ಸಿಗುತ್ತಿಲ್ಲ. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಟೈಲ್ಸ್, ಕಲ್ಲುಹಾಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಸುಲಭವಾಗಿ ಹೋಗುವುದಿಲ್ಲ, ಅಂಚಿಗೆ ಗೋಣಿ ಹಾಸಿಕೊಳ್ಳಿ.

ತೇಪೆಯನ್ನು ಕೈಯಲ್ಲಿ ಎತ್ತಿದಾಗ ಚಾಪೆಯ ಹಾಗೆ ಸುತ್ತಿಕೊಂಡು ಬಂದರೆ ಗೊಣ್ಣೆಹುಳು ಬೇರು ತಿಂದಿದೆ. ಒಂದು ಚದರ ಅಡಿ ಅಗೆದು ಎಣಿಸಿ. ಐದಕ್ಕಿಂತ ಹೆಚ್ಚಿದ್ದರೆ ಹುಳು ಕೊಲ್ಲುವ ಶಿಲೀಂಧ್ರವಾದ ಮೆಟಾರೈಜಿಯಂ 200 ಗ್ರಾಂ ಅನ್ನು ಹತ್ತು ಕಿಲೋ ಎರೆಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿ ವಾರ ತೇವವಾಗಿಟ್ಟು ಎರಚಿ ನೀರು ಹಾಯಿಸಿ. ಆ ದಿನಗಳಲ್ಲಿ ಶಿಲೀಂಧ್ರನಾಶಕ ಹೊಡೆದರೆ ಅದೂ ಸಾಯುತ್ತದೆ.

ಅಂಗಳದವರು:
ಕೊಯ್ದು ನೋಡಿದೆ, ಕಂದು ಪದರ ಮುಕ್ಕಾಲು ಇಂಚು ಇದೆ. ಹುಳು ಇಲ್ಲ. ಎರೆಗೊಬ್ಬರದ ಬದಲು ಕೊಟ್ಟಿಗೆ ಗೊಬ್ಬರ ಆಗುತ್ತದೆಯೇ? ಮಾವಿನ ಮರದಡಿ ಹುಲ್ಲೇ ನಿಲ್ಲುತ್ತಿಲ್ಲ.

ಗಡ್ಡೆಬೇರು:
ಪೂರ್ತಿ ಕಳಿತು ಮಣ್ಣಿನ ವಾಸನೆ ಬರುತ್ತಿದ್ದರೆ ಮಾತ್ರ. ಅರೆಬರೆ ಕಳಿತ ಗೊಬ್ಬರದ ಜೊತೆ ಕಳೆಬೀಜವೂ ಗೊಣ್ಣೆಹುಳುವೂ ಬರುತ್ತವೆ. ಮರದಡಿ ದಿನಕ್ಕೆ ನಾಲ್ಕು ಗಂಟೆ ಬಿಸಿಲೂ ಇಲ್ಲದಿದ್ದರೆ ಮೆಕ್ಸಿಕನ್ ಬೇಡ. ಅಲ್ಲಿ ಅಗಲ ಎಲೆಯ ಬಫೆಲೋ ಗ್ರಾಸ್ (ಸೇಂಟ್ ಆಗಸ್ಟೀನ್ ಹುಲ್ಲು) ನೆಟ್ಟು ಎರಡೂವರೆ ಇಂಚು ಎತ್ತರ ಬಿಡಿ. ಅದಕ್ಕೂ ಬೆಳಕು ಸಾಲದಿದ್ದರೆ ಮೊಂಡೋ ಗ್ರಾಸ್ ಹಾಕಿ, ಅದನ್ನು ಕತ್ತರಿಸುವ ಕೆಲಸವೂ ಇರುವುದಿಲ್ಲ.