ಅಪ್‌ಡೇಟ್: ಪುಡಿಹಿಮದಲ್ಲಿ ಹುಗಿಯುತ್ತಿದ್ದ ಸ್ಕೀ ಸಮಸ್ಯೆ ಬಗೆಹರಿಯಿತು

ತುಮಕೂರಿನಿಂದ ಮತ್ತೆ ನಾನೇ. ಸೊಂಟದ (ಅಂದರೆ ಸ್ಕೀಯ ನಡುಭಾಗದ) ಅಗಲ 76 ಮಿ.ಮೀ. ಇರುವ ನನ್ನ ಸ್ಕೀ ಪುಡಿಹಿಮದಲ್ಲಿ ಮೂತಿ ಹುಗಿಸುತ್ತದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ; ಹಲವು ಸಲಹೆಗಳು ಬಂದಿದ್ದವು. ನಿನ್ನೆಯಷ್ಟೇ ಗುಲ್ಮಾರ್ಗ್‌ನಿಂದ ಮರಳಿದೆ.

ಮೇಣ ಬಳಿದದ್ದರಿಂದ ಜಾರುವಿಕೆ ಹೆಚ್ಚಿತು, ಹುಗಿಯುವುದು ನಿಲ್ಲಲಿಲ್ಲ. 110 ಮಿ.ಮೀ. ಅಗಲದ್ದನ್ನು ಬಾಡಿಗೆಗೆ ಪಡೆದೆ; ಮೆತ್ತನೆಯ ಹಿಮದಲ್ಲಿ ದೋಣಿಯಂತೆ ತೇಲಿತು, ಆದರೆ ಬೆಳಗಿನ ಗಟ್ಟಿ ಹಿಮದಲ್ಲಿ ಒಂದಂಚಿನಿಂದ ಇನ್ನೊಂದಂಚಿಗೆ ಹೊರಳಿಸುವಷ್ಟರಲ್ಲಿ ಮೊಣಕಾಲು ಸೋತುಹೋಯಿತು.

ಗೆದ್ದದ್ದು ‘ಅಗಲವೊಂದನ್ನೇ ಅಲ್ಲ, ಆಕಾರವನ್ನೂ ನೋಡಿ’ ಎಂದವರ ಮಾತು. ಅವರಿಗೆ ಮನಸಾರೆ ಧನ್ಯವಾದ. 96 ಮಿ.ಮೀ. ಸೊಂಟ, ಮುಂತುದಿಯಲ್ಲಿ ರಾಕರ್ (ಮೊದಲೇ ಮೇಲೇಳುವ ಬಾಗು), ಪಾದದಡಿ ಕ್ಯಾಂಬರ್ (ಕಮಾನಿನಂತೆ ಮೇಲುಬ್ಬಿದ ಬಾಗು) ಇರುವುದನ್ನು ಕೊಂಡೆ. ಅಂಗಡಿಯಲ್ಲಿ ಆ ಜೋಡಿಯ ಎರಡೂ ಸ್ಕೀಗಳ ತಳವನ್ನು ಒಂದಕ್ಕೊಂದು ತಾಗಿಸಿ ಬೆಳಕಿಗೆ ಹಿಡಿದೆ. ನಡುವೆ ಕಂಡ ತೆಳುವಾದ ಬೆಳಕಿನ ಗೆರೆಯೇ ಕ್ಯಾಂಬರ್. ತುದಿಗೆ ಗೇಣುದ್ದ ಮೊದಲೇ ಎರಡೂ ಬೇರ್ಪಟ್ಟಿದ್ದವು, ಅದು ರಾಕರ್. ಆ ಭಾಗ ಗಟ್ಟಿ ಹಿಮವನ್ನು ಮುಟ್ಟದ ಕಾರಣ ಸ್ಕೀ ಗಿಡ್ಡದರಂತೆ ಸಲೀಸಾಗಿ ತಿರುಗುತ್ತದೆ. ಹಳೆಯದಕ್ಕಿಂತ 6 ಸೆಂ.ಮೀ. ಉದ್ದದ್ದನ್ನು ಆರಿಸಿದರೂ ತೊಡಕಾಗಲಿಲ್ಲ.

ಅಚ್ಚರಿಯೆಂದರೆ, ಒಳಗಿನ ಟೈಟನಾಲ್ ಹಾಳೆ ಟೈಟಾನಿಯಂ ಅಲ್ಲವೇ ಅಲ್ಲ, ಅಲ್ಯೂಮಿನಿಯಂ ಮಿಶ್ರಲೋಹ! ಮರದ ತಿರುಳಿನ ಮೇಲೂ ಕೆಳಗೂ ಅದು ಇರುವುದರಿಂದ ವೇಗದಲ್ಲಿ ನಡುಕ ತಗ್ಗಿದೆ. ತೂಕ ಮಾತ್ರ ಹೆಚ್ಚು. ಹೊತ್ತು ಏರುವಾಗ ದೇವರಾಯನದುರ್ಗದ ಮೆಟ್ಟಿಲು ಹತ್ತಿ ಮಾಡಿದ ಅಭ್ಯಾಸ ಕೈಹಿಡಿಯಿತು.

ಬೈಂಡಿಂಗ್ (ಬೂಟನ್ನು ಸ್ಕೀಗೆ ಬಿಗಿಯುವ ಹಿಡಿ) ಹಿಂದಕ್ಕೆ ಸರಿಸುವ ಸಲಹೆಯನ್ನು ಪ್ರಯತ್ನಿಸಲಿಲ್ಲ. ಹಳೆಯ ಸ್ಕೀಗೆ ಮತ್ತೆ ರಂಧ್ರ ಕೊರೆಯಲು ಮನಸ್ಸು ಬರಲಿಲ್ಲ.