ಕ್ರೂಸ್‌ನಲ್ಲಿ ಡ್ರಿಂಕ್ಸ್ ಪ್ಯಾಕೇಜ್ ತಗೋಬೇಕಾ ಬೇಡ್ವಾ: ಹಡಗಿನ ಬಾರ್‌ನಲ್ಲಿ ಕೆಲಸ ಮಾಡಿದವರನ್ನೇ ಕೇಳಿ

ನಮಸ್ಕಾರ ಎಲ್ರಿಗೂ. ನಾನು ಮಂಗಳೂರಿನವ, ಕ್ಯಾರಿಬಿಯನ್ ಕಡೆ ಹೋಗುವ ಹಡಗುಗಳಲ್ಲಿ ಬಾರ್ ಸೈಡ್ ಕೆಲಸ ಮಾಡಿ ಈಗ ಊರಲ್ಲೇ ಕೂತು ಕ್ರೂಸ್ ಬುಕಿಂಗ್ ಮಾಡಿಕೊಡ್ತೇನೆ. ಡ್ರಿಂಕ್ಸ್ ಪ್ಯಾಕೇಜ್, ಅಂದ್ರೆ ದಿನಕ್ಕೆ ಇಷ್ಟು ಅಂತ ಒಂದೇ ರೇಟ್ ಕೊಟ್ಟು ಹಡಗಲ್ಲಿ ಬೇಕಾದ ಹಾಗೆ ಕುಡಿಯುವ ಸ್ಕೀಮು, ಅದರ ಬಗ್ಗೆ ಗ್ರೂಪಲ್ಲಿ ದಿನಾ ಯಾರಾದ್ರೂ ಕೇಳ್ತಾನೇ ಇರ್ತಾರೆ, ಅದಕ್ಕೆ ಅಡ್ಮಿನ್ ಒಂದೇ ಕಡೆ ಉತ್ತರ ಕೊಡಿ ಅಂದ್ರು. ಕೇಳಿ, ಗೊತ್ತಿದ್ದದ್ದು ಹೇಳ್ತೇನೆ.

ಪ್ರಶ್ನೆ (ಡಲ್ಲಾಸ್‌ನಿಂದ): ಸರ್, ಡಿಸೆಂಬರ್‌ನಲ್ಲಿ ಮಯಾಮಿಯಿಂದ 7 ರಾತ್ರಿ ಹೋಗ್ತಿದೀವಿ, ರಾಯಲ್ ಕೆರಿಬಿಯನ್ ಕಂಪನಿಯ ಹಡಗು. ಡಿಲಕ್ಸ್ ಬೆವರೇಜ್ ಪ್ಯಾಕೇಜ್ ದಿನಕ್ಕೆ 75 ಡಾಲರ್ ಅಂತ ತೋರಿಸ್ತಿದೆ. ನಾನು ಗುಂಡು ಹಾಕ್ತೀನಿ, ಸುಳ್ಳು ಯಾಕೆ ಹೇಳ್ಲಿ, ಆದ್ರೆ ಹೆಂಡ್ತಿ ಮುಟ್ಟಲ್ಲ, ಅವಳಿಗೆ ಒಂದು ಮಾಕ್‌ಟೇಲ್, ಒಂದು ಕಾಫಿ ಆದ್ರೆ ಸಾಕು. ನನಗೆ ಒಬ್ಬನಿಗೆ ತಗೊಂಡ್ರೆ ವರ್ಕ್‌ಔಟ್ ಆಗುತ್ತಾ?

ಉತ್ತರ: ನಿಮಗೆ ಒಬ್ಬರಿಗೇ ಅಂತ ತಗೊಳ್ಳಿಕ್ಕೇ ಬಿಡುವುದಿಲ್ಲ ಮಾರಾಯ್ರೆ, ಗಲಾಟೆ ಶುರು ಆಗುವುದೇ ಅಲ್ಲಿ. ಒಂದು ರೂಮಲ್ಲಿ 21 ವರ್ಷ ದಾಟಿದ ಒಬ್ಬರು ಡಿಲಕ್ಸ್ ತಗೊಂಡ್ರೆ ಆ ರೂಮಿನ ಉಳಿದ ದೊಡ್ಡವರೂ ತಗೊಳ್ಬೇಕು, ಅದೂ ಪೂರ್ತಿ ಟ್ರಿಪ್ಪಿಗೆ, ನಾಲ್ಕು ದಿನ ಸಾಕು ಅಂದ್ರೆ ಇಲ್ಲ. ಆಮೇಲೆ 75 ಅಂತ ಕಾಣುವುದು 75 ಅಲ್ಲ, 18 ಪರ್ಸೆಂಟ್ ಗ್ರಾಚ್ಯುಟಿ, ಅಂದ್ರೆ ಟಿಪ್ಸ್, ಸೇರಿಸಿ 88.50 ಆಗ್ತದೆ. ಒಬ್ಬರಿಗೆ 7 ರಾತ್ರಿಗೆ 619.50, ಇಬ್ಬರಿಗೆ 1,239 ಡಾಲರ್. ಊರಿನ ಲೆಕ್ಕದಲ್ಲಿ ಒಂದು ಲಕ್ಷದ ಮೇಲೆ!

ಈಗ ಪ್ಯಾಕೇಜ್ ಇಲ್ಲದೆ ಲೆಕ್ಕ ಹಾಕುವ. ಕಾಕ್‌ಟೇಲ್ 14 ಡಾಲರ್ ಇಟ್ಕೊಳ್ಳಿ, ಗ್ರಾಚ್ಯುಟಿ ಸೇರಿ 16.52. ಬಿಯರ್ 9 ಅಂದ್ರೆ 10.62. ನೀವು ದಿನಕ್ಕೆ ಮೂರು ಕಾಕ್‌ಟೇಲ್, ಎರಡು ಬಿಯರ್ ಕುಡಿದ್ರಿ ಅಂತಾದ್ರೆ 70.80, ಅದು ದಿನಾ ಕುಡಿಯುವವನಿಗೂ ಸ್ವಲ್ಪ ಜಾಸ್ತಿಯೇ. ನಿಮ್ಮ ಮನೆಯವರಿಗೆ ಒಂದು 15 ಡಾಲರ್. ಏಳು ದಿನಕ್ಕೆ ಇಬ್ಬರದ್ದೂ ಸೇರಿ 600ರ ಆಸುಪಾಸು, ಅಂದ್ರೆ ಪ್ಯಾಕೇಜಿನ ಅರ್ಧ. ಇಬ್ಬರ ಪ್ಯಾಕೇಜಿನ ದುಡ್ಡು ನೀವೊಬ್ಬರೇ ವಸೂಲಿ ಮಾಡ್ಬೇಕಾದ್ರೆ ದಿನಕ್ಕೆ ಹತ್ತು ಕಾಕ್‌ಟೇಲ್ ಇಳಿಸ್ಬೇಕು, ಏಳು ದಿನವೂ. ಆಮೇಲೆ ಮೆಕ್ಸಿಕೋದ ಕೋಜುಮೆಲ್ ದ್ವೀಪ ನೋಡ್ಲಿಕ್ಕೆ ನಿಮ್ಮನ್ನು ಎತ್ತಿಕೊಂಡು ಹೋಗ್ಬೇಕು.

ನಿಮ್ಮ ಮನೆಯವರಿಗೆ ಡಿಲಕ್ಸ್ ಬದಲು ರಿಫ್ರೆಶ್‌ಮೆಂಟ್ ಪ್ಯಾಕೇಜ್, ಅಂದ್ರೆ ಆಲ್ಕೋಹಾಲ್ ಇಲ್ಲದ್ದು, ಕೊಡ್ತೀರಾ ಅಂತ ಕಂಪನಿಗೆ ಫೋನ್ ಮಾಡಿ ಕೇಳಿ ನೋಡಿ. ಪ್ರೆಗ್ನೆನ್ಸಿ, ಔಷಧಿ, ಇಂಥ ಕಾರಣ ಇದ್ರೆ ಒಪ್ಪಿದ್ದುಂಟು. ವೆಬ್‌ಸೈಟಲ್ಲಿ ಆಗುವುದಿಲ್ಲ.

ಅದೇ ಡಲ್ಲಾಸ್‌ನವರು: ಹತ್ತಾ 😂 ಬೇಡ ಸರ್. ಇನ್ನೊಂದು ಫ್ಯಾಮಿಲಿ ನಮ್ಮ ಜೊತೆ ಬರ್ತಿದೆ, ಅವರದೂ ಇದೇ ಕಥೆ, ಅವನು ಕುಡೀತಾನೆ ಅವಳು ಕುಡಿಯಲ್ಲ. ಏನಾದ್ರೂ ದಾರಿ ಇದ್ಯಾ?

ಉತ್ತರ: ಅದಕ್ಕೆ ಒಂದು ದಾರಿ ಉಂಟು, ಬಾರ್‌ನವರಿಗೆಲ್ಲಾ ಗೊತ್ತಿರುವಂಥದ್ದೇ. ಬುಕಿಂಗ್ ಮಾಡುವಾಗ ಕಾಗದದಲ್ಲಿ ಇಬ್ಬರು ಗಂಡಸರ ಹೆಸರು ಒಂದು ರೂಮಿಗೆ, ಹೆಂಗಸರದ್ದು ಪಕ್ಕದ ರೂಮಿಗೆ. ಹತ್ತಿದ ಮೇಲೆ ಗೆಸ್ಟ್ ಸರ್ವಿಸಸ್ ಹತ್ರ ಇನ್ನೊಂದು ರೂಮಿನ ಕೀ ಕೇಳಿ ನಿಮ್ಮ ನಿಮ್ಮ ರೂಮಲ್ಲಿ ಮಲಗಿ, ಆಗ ಇಬ್ಬರಿಗೆ ಮಾತ್ರ ಪ್ಯಾಕೇಜ್. ಆದ್ರೂ ದಿನಕ್ಕೆ ಐದಾರು ಕಾಕ್‌ಟೇಲ್ ಕುಡಿಯುವವರಿಗೆ ಮಾತ್ರ ಲಾಭ ಅನ್ನುವುದು ಬದಲಾಗುವುದಿಲ್ಲ, ಬಿಯರ್ ಮಾತ್ರ ಅಂದ್ರೆ ಒಂಬತ್ತು ಬೇಕು.

ಪ್ರಶ್ನೆ (ಹುಬ್ಬಳ್ಳಿ, ಈಗ ಹ್ಯೂಸ್ಟನ್): ಅನ್‌ಲಿಮಿಟೆಡ್ ಅಂತಾರಲ್ರಿ, ಖರೇನೂ ಲಿಮಿಟ್ ಇಲ್ಲೇನ್ರಿ? ನಾವು ನಾಲ್ಕು ಮಂದಿ ದೋಸ್ತರು ಹೊಂಟೇವಿ, ಎಲ್ಲಾರೂ ಕುಡಿಯಾವ್ರ.

ಉತ್ತರ: ಹಾಗಾದ್ರೆ ನಿಮಗೇ ಮಾಡಿಸಿದ ಪ್ಯಾಕೇಜ್ ಇದು. ಲಿಮಿಟ್ ಕಂಪನಿ ಮೇಲೆ ಹೋಗ್ತದೆ. ಕಾರ್ನಿವಲ್ ಕಂಪನಿಯ ಚಿಯರ್ಸ್ ಪ್ಯಾಕೇಜಲ್ಲಿ 24 ಗಂಟೆಗೆ 15 ಆಲ್ಕೋಹಾಲ್ ಡ್ರಿಂಕ್, ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಲೆಕ್ಕ. ರಾಯಲ್‌ನಲ್ಲಿ ಎಣಿಕೆ ಇಲ್ಲ, ಆದ್ರೆ ಒಂದು ಡ್ರಿಂಕ್ 14 ಡಾಲರ್‌ವರೆಗೆ ಮಾತ್ರ ಪ್ಯಾಕೇಜಲ್ಲಿ, ಮೇಲಿನದ್ದು ಕೈಯಿಂದ. ಒಳ್ಳೆ ಸ್ಕಾಚ್ ಮೇಲೆ ಕಣ್ಣಿದ್ರೆ ಇದು ನೆನಪಿರ್ಲಿ. ಎಣಿಕೆ ಇಲ್ಲ ಅಂತ ಇದ್ರೂ ಆಸಾಮಿ ತೂರಾಡ್ತಾ ಬಂದ್ರೆ ಬಾರ್‌ನವ ಕೊಡುವುದಿಲ್ಲ, ಅವನಿಗೆ ಆ ಪವರ್ ಉಂಟು. ಒಂದು ಸಲಕ್ಕೆ ಒಂದೇ ಗ್ಲಾಸ್, ಪಕ್ಕದವನಿಗೆ ಹಂಚಿದ್ದು ಸಿಕ್ಕಿಬಿದ್ರೆ ಪ್ಯಾಕೇಜ್ ಕ್ಯಾನ್ಸಲ್ ಮಾಡಬಹುದು. ಮಿನಿಬಾರ್, ರೂಮ್ ಸರ್ವಿಸ್ ಡ್ರಿಂಕ್ ಇದರಲ್ಲಿ ಬರುವುದಿಲ್ಲ.

ಇನ್ನೊಂದು ಮಾತು. ಮೊದಲನೇ ದಿನ ಪೂಲ್ ಬಾರ್ ಹತ್ರ ನೀವು ನೋಡ್ಬೇಕು, ಹಡಗು ಇನ್ನೂ ದಕ್ಕೆ ಬಿಟ್ಟಿರುವುದಿಲ್ಲ, ಲಗೇಜ್ ರೂಮಿಗೆ ಬಂದಿರುವುದಿಲ್ಲ, ಜನ ಆಗ್ಲೇ ಎರಡು ಸಾಲಲ್ಲಿ ನಿಂತು ಸೀಪಾಸ್ ಕಾರ್ಡ್, ಅಂದ್ರೆ ಹಡಗಿನ ರೂಮ್ ಕೀ ಕಾರ್ಡ್, ಚಾಚ್ತಾ ಇರ್ತಾರೆ. ಎರಡನೇ ದಿನವೂ ಹಾಗೇ. ನಾಲ್ಕನೇ ದಿನಕ್ಕೆ ಅದೇ ಮುಖಗಳು ಬಂದು "ಒಂದು ಜಿಂಜರ್ ಏಲ್ ಕೊಡಪ್ಪಾ, ಐಸ್ ಹಾಕಿ" ಅಂತಾರೆ. ಜಾಸ್ತಿ ಜನರ ಹೊಟ್ಟೆ ಏಳು ದಿನ ಒಂದೇ ಸ್ಪೀಡಲ್ಲಿ ಓಡುವುದಿಲ್ಲ. ಕಂಪನಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಪೂರ್ತಿ ಟ್ರಿಪ್ಪಿಗೆ ತಗೊಳ್ಳಿ ಅನ್ನುವುದು. ನಾಲ್ಕು ರಾತ್ರಿಯ ಟ್ರಿಪ್ ಆದ್ರೆ ವಸೂಲಿ ಸುಲಭ, ಹತ್ತು ರಾತ್ರಿಯದ್ದಾದ್ರೆ ಕಷ್ಟ.

ಪ್ರಶ್ನೆ (ನ್ಯೂಜೆರ್ಸಿಯಿಂದ): ನಾವು ಮೇ ತಿಂಗಳಲ್ಲಿ ಮೆಡಿಟರೇನಿಯನ್, ಬಾರ್ಸಿಲೋನಾದಿಂದ ಹತ್ತಿ ಮಾರ್ಸೇ, ರೋಮ್, ನೇಪಲ್ಸ್. ಇಬ್ಬರೂ ವೈನ್ ಪ್ರಿಯರು. ಪ್ಯಾಕೇಜ್?

ಉತ್ತರ: ಬೇಡ. ದಿನಾ ಒಂದು ಊರು. ಬೆಳಿಗ್ಗೆ ಎಂಟಕ್ಕೆ ಇಳಿದು, ರೋಮ್ ಅಂದ್ರೆ ಚಿವಿಟವೆಕ್ಕಿಯಾ ಬಂದರಿಂದ ರೈಲಲ್ಲೇ ಒಂದು ಗಂಟೆ, ಸಂಜೆ ವಾಪಸ್ ಹತ್ತುವಾಗ ಕಾಲು ಬಿದ್ದು ಹೋಗಿರ್ತದೆ. ಆಮೇಲೆ ಊಟಕ್ಕೆ ಎರಡು ಗ್ಲಾಸ್, ಅಷ್ಟೇ. ಮತ್ತೆ ಇಟಲಿಗೆ ಹೋಗಿ ಹಡಗಿನ ವೈನ್ ಕುಡಿಯುವುದು ಎಂತಕ್ಕೆ, ಕೆಳಗೆ ಇಳಿದ್ರೆ ಅಲ್ಲೇ ಅಗ್ಗಕ್ಕೆ ಅದಕ್ಕಿಂತ ಒಳ್ಳೆದು ಸಿಗ್ತದೆ.

ಎಲ್ರೂ ಡಾಲರ್ ಲೆಕ್ಕ ಮಾತ್ರ ಹಾಕ್ತಾರೆ, ಐಟಿನರಿ ನೋಡುವುದೇ ಇಲ್ಲ. ಪ್ಯಾಕೇಜ್ ದುಡ್ಡು ಹುಟ್ಟುವುದು ಸೀ ಡೇನಲ್ಲಿ, ಅಂದ್ರೆ ಹಡಗು ಎಲ್ಲೂ ನಿಲ್ಲದೆ ಇಡೀ ದಿನ ನೀರಲ್ಲಿ ಇರುವ ದಿನ. ಕ್ಯಾರಿಬಿಯನ್ 7 ರಾತ್ರಿಯಲ್ಲಿ ಎರಡು ಮೂರು ಸಿಗ್ತವೆ. ಅಲಾಸ್ಕಾದಲ್ಲಿ ಜೂನೋ, ಸ್ಕಾಗ್ವೇ, ಕೆಚಿಕನ್ ಅಂತ ಇಳಿಯುವುದೇ ಜಾಸ್ತಿ, ಚಳಿ ಬೇರೆ, ಜನ ಹಾಟ್ ಚಾಕೊಲೇಟ್ ಹಿಡ್ಕೊಂಡು ಡೆಕ್ ಮೇಲೆ ನಿಂತಿರ್ತಾರೆ. ಅಟ್ಲಾಂಟಿಕ್ ದಾಟುವ ಟ್ರಿಪ್ ಅಂದ್ರೆ ಸಾಲು ಸಾಲು ಸೀ ಡೇ, ಅಲ್ಲಿ ನಾನೇ ತಗೊಳ್ಳಿ ಅಂತೇನೆ. ಹಾಗೆ ಕಂಪನಿಯ ಸ್ವಂತ ದ್ವೀಪದಲ್ಲಿ ಪ್ಯಾಕೇಜ್ ನಡೀತದಾ ಅಂತ ಕೇಳ್ಕೊಳ್ಳಿ. ರಾಯಲ್‌ನ ಕೊಕೊಕೇಯಲ್ಲಿ ನಡೀತದೆ, ಆ ದಿನ ಬೀಚಲ್ಲಿ ಕೂತೇ ವಸೂಲಿ. ಎಲ್ಲಾ ಕಂಪನಿಯಲ್ಲೂ ಹಾಗಿಲ್ಲ.

ಪ್ರಶ್ನೆ (ಸಿಯಾಟಲ್‌ನಿಂದ): ಅಣ್ಣಾ, ಅಪ್ಪ ಅಮ್ಮ ಮೈಸೂರಿಂದ ಬರ್ತಿದಾರೆ, ಅವರನ್ನ ಅಲಾಸ್ಕಾಗೆ ಕರ್ಕೊಂಡ್ ಹೋಗ್ತಿದೀವಿ. ಕುಡಿಯೋ ಪ್ರಶ್ನೆನೇ ಇಲ್ಲ. ಆದ್ರೆ ಅಪ್ಪಂಗೆ ದಿನಕ್ಕೆ ನಾಲ್ಕು ಕಾಫಿ ಬೇಕು, ಇಲ್ದಿದ್ರೆ ಮನೆ ಮಂದಿಗೆಲ್ಲಾ ತಲೆನೋವು. ರಿಫ್ರೆಶ್‌ಮೆಂಟ್ ಪ್ಯಾಕೇಜ್ ತಗೊಳ್ಲಾ? ಮಕ್ಕಳಿಗೆ ಕೋಕ್ ಪ್ಯಾಕೇಜ್ ಬೇಕಾ?

ಉತ್ತರ: ಅಕ್ಕ, ಅವರಿಗೆ ಏನೂ ತಗೊಳ್ಬೇಡಿ. ಟಿಕೆಟ್ ದುಡ್ಡಲ್ಲೇ ನೀರು, ಮಾಮೂಲು ಕಾಫಿ, ಟೀ, ಹಾಲು, ಲೆಮನೇಡ್, ಐಸ್ ಟೀ, ಬೆಳಿಗ್ಗೆ ತಿಂಡಿಗೆ ಜ್ಯೂಸ್ ಎಲ್ಲಾ ಬರ್ತದೆ. ದುಡ್ಡು ಕೊಡುವುದು ಲಾಟೆ, ಕ್ಯಾಪುಚಿನೋ, ಸೋಡಾ, ಬಾಟಲಿ ನೀರು, ಮಾಕ್‌ಟೇಲ್‌ಗೆ. ಬಾಟಲಿ ನೀರಿಗೆ ದುಡ್ಡು ದಂಡ ಮಾಡ್ಬೇಡಿ, ನಲ್ಲಿ ನೀರೇ ಚೆನ್ನಾಗಿ ಉಂಟು, ಖಾಲಿ ಬಾಟಲಿ ತಗೊಂಡು ಹೋಗಿ ತುಂಬಿಸ್ಕೊಳ್ಳಿ.

ಕಾಫಿ ವಿಷಯ ಹೇಳ್ತೇನೆ, ಬಫೆಯ ಕಾಫಿ ನಿಮ್ಮ ಅಪ್ಪನಿಗೆ ಹಿಡಿಸುವುದಿಲ್ಲ. ನೀರುನೀರು. ಹಾಲು ತಣ್ಣಗಿನದ್ದು ಪಕ್ಕದಲ್ಲಿ ಇಟ್ಟಿರ್ತಾರೆ, ಅದನ್ನು ಹಾಕಿದ ಕೂಡಲೇ ಕಾಫಿ ಆರಿ ಹೋಗ್ತದೆ. ನಮ್ಮವರು ಇದಕ್ಕೆ ಅಂತ ಎಲೆಕ್ಟ್ರಿಕ್ ಕೆಟಲ್ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರ್ತಾರೆ, ಸೆಕ್ಯುರಿಟಿಯಲ್ಲಿ ಎತ್ತಿಟ್ಕೊಳ್ತಾರೆ, ಬೆಂಕಿ ಅನಾಹುತ ಅಂತ ಹಡಗಲ್ಲಿ ಕೆಟಲ್, ನೀರು ಕಾಯಿಸುವ ಕಾಯಿಲ್ ಯಾವುದೂ ಬಿಡುವುದಿಲ್ಲ. ಇನ್‌ಸ್ಟಂಟ್ ಕಾಫಿ ಪುಡಿ ಸ್ಯಾಶೆ ತನ್ನಿ, ಬಫೆಯಲ್ಲಿ ಬಿಸಿನೀರು ಯಾವಾಗ್ಲೂ ಸಿಗ್ತದೆ, ಡೈನಿಂಗ್ ರೂಮಲ್ಲಿ ವೇಟರ್ ಹತ್ರ ಬಿಸಿ ಹಾಲು ಅಂತ ಕೇಳಿ. ಸಿಬ್ಬಂದಿಯಲ್ಲಿ ಗೋವಾದವರು, ನಮ್ಮ ಕರಾವಳಿಯವರು ಸುಮಾರು ಜನ ಇರ್ತಾರೆ, ಎರಡನೇ ದಿನ ಮಾತಾಡಿಸಿದ್ರೆ ಮೂರನೇ ದಿನ ನಿಮ್ಮ ಅಪ್ಪ ಕೂರುವ ಮುಂಚೆ ಲೋಟ ಬಂದಿರ್ತದೆ.

ಮಕ್ಕಳಿಗೆ ಸೋಡಾ ಪ್ಯಾಕೇಜ್, ಅವು ದಿನಕ್ಕೆ ಮೂರ್ನಾಲ್ಕು ಕುಡಿದ್ರೆ ಸರಿ. ಮಷೀನಿಂದ ತಾವೇ ಹಿಡ್ಕೊಳ್ಳುವ ಖುಷಿಗೇ ಅರ್ಧ ದುಡ್ಡು.

ಪ್ರಶ್ನೆ (ಫೀನಿಕ್ಸ್‌ನಿಂದ): ನಾರ್ವೀಜಿಯನ್ ಕ್ರೂಸ್ ಕಂಪನಿಯವರು ಫ್ರೀ ಅಟ್ ಸೀ ಅಂತ ಡ್ರಿಂಕ್ಸ್ ಫ್ರೀನೇ ಕೊಡ್ತಿದಾರಲ್ಲ, ಅದನ್ನ ಯಾರೂ ಹೇಳ್ತಾನೇ ಇಲ್ಲ?

ಉತ್ತರ: ಹೆಸರು ಫ್ರೀ. ಪ್ಯಾಕೇಜಿಗೆ ದಿನಕ್ಕೆ 109 ಡಾಲರ್ ಅಂತ ಒಂದು ರೇಟ್ ಬರೆದಿದ್ರೆ, ಆ 109ನ್ನು ಬಿಟ್ಟು ಅದರ 20 ಪರ್ಸೆಂಟ್ ಸರ್ವಿಸ್ ಚಾರ್ಜ್ ನಿಮ್ಮಿಂದ ತಗೊಳ್ತಾರೆ. ಅಂದ್ರೆ ದಿನಕ್ಕೆ ಒಬ್ಬರಿಗೆ 21.80, ಇಬ್ಬರಿಗೆ ವಾರಕ್ಕೆ 305 ಡಾಲರ್. ದಿನಕ್ಕೆ ಎರಡು ಡ್ರಿಂಕ್ ಕುಡಿಯುವವರಿಗೂ ಇದು ಒಳ್ಳೆ ವ್ಯಾಪಾರವೇ, ನಾನು ಇಲ್ಲ ಅನ್ನುವುದಿಲ್ಲ. ಆದ್ರೆ ಇಬ್ಬರೂ ಕುಡಿಯುವುದೇ ಇಲ್ಲ ಅಂತಾದ್ರೆ ಫ್ರೀಯನ್ನು ಬೇಡ ಅನ್ನುವುದೇ ಉಳಿತಾಯ, ಅದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ.

ಪ್ರಿನ್ಸೆಸ್ ಅನ್ನುವ ಕ್ರೂಸ್ ಕಂಪನಿಯದ್ದು ಪ್ರಿನ್ಸೆಸ್ ಪ್ಲಸ್ ಅಂತ ಇನ್ನೊಂದು ಪ್ಯಾಕೇಜ್ ಉಂಟು, ಅದರ ಲೆಕ್ಕ ಬೇರೆ ತರಹ. ದಿನಕ್ಕೆ 60ರಿಂದ 70 ಡಾಲರ್ ಒಳಗೆ, ಆದ್ರೆ ಅದರಲ್ಲಿ ವೈಫೈ ಮತ್ತು ಸಿಬ್ಬಂದಿಗೆ ಕೊಡುವ ದಿನದ ಟಿಪ್ಸ್ ಎರಡೂ ಸೇರಿದೆ. ಆ ಎರಡನ್ನು ನೀವು ಹೇಗೂ ತಗೊಳ್ಳುವವರಾದ್ರೆ ಅದಕ್ಕೇ ನಲವತ್ತು ಡಾಲರ್ ಹತ್ರ ಹೋಗ್ತದೆ, ಉಳಿದ ಇಪ್ಪತ್ತು ಚಿಲ್ಲರೆಗೆ ಡ್ರಿಂಕ್ಸ್ ಬಂದ ಹಾಗೆ. ಇಡೀ ದಿನ ಆಫೀಸ್ ಮೆಸೇಜ್ ನೋಡುವ ಸಾಫ್ಟ್‌ವೇರ್‌ನವರಿಗೆ ಇದು ಸರಿ ಹೊಂದ್ತದೆ.

ಪ್ರಶ್ನೆ (ಬೆಂಗಳೂರಿನಿಂದ): ನಾವು ಅಮೆರಿಕಾಗೆಲ್ಲ ಹೋಗೋರಲ್ಲ, ಮುಂಬೈಯಿಂದ ಕಾರ್ಡೇಲಿಯಾ, ಇಲ್ಲಾಂದ್ರೆ ಸಿಂಗಾಪುರದಿಂದ 3 ರಾತ್ರಿ. ಆಫೀಸ್ ಗ್ಯಾಂಗ್. ಏರ್‌ಪೋರ್ಟ್ ಡ್ಯೂಟಿ ಫ್ರೀಯಿಂದ ಎಣ್ಣೆ ಬಾಟಲಿ ತಗೊಂಡ್ ಹೋಗ್ಬಹುದಲ್ವಾ, ಪ್ಯಾಕೇಜ್ ಯಾಕೆ?

ಉತ್ತರ: ಹತ್ತುವಾಗ ಸ್ಕ್ಯಾನ್ ಆಗ್ತದೆ. ವಿಸ್ಕಿ, ರಮ್ ಬಾಟಲಿ ಸಿಕ್ರೆ ಎತ್ತಿಟ್ಕೊಳ್ತಾರೆ, ಕಾರ್ನಿವಲ್‌ನಂಥ ಕಡೆ ವಾಪಸ್ಸೇ ಕೊಡುವುದಿಲ್ಲ. ಹಡಗಿನ ಅಂಗಡಿಯಲ್ಲಿ ತಗೊಂಡ ಬಾಟಲಿಯೂ ಸಾಮಾನ್ಯವಾಗಿ ಕೊನೆಗೇ ಕೈಗೆ ಸಿಗುವುದು. ರಾಯಲ್, ಕಾರ್ನಿವಲ್ ಎರಡರಲ್ಲೂ ಹತ್ತುವ ದಿನ ಒಬ್ಬರಿಗೆ 750 ಎಂಎಲ್‌ನ ಒಂದು ವೈನ್ ಬಾಟಲಿ ಬಿಡ್ತಾರೆ, ಅಷ್ಟೇ. ಮೌತ್‌ವಾಶ್ ಬಾಟಲಿಗೆ ವೋಡ್ಕಾ ತುಂಬಿ ಹಸಿರು ಬಣ್ಣ ಹಾಕುವ ಐಡಿಯಾ ಎಲ್ಲಾ ಹಳೇದಾಯ್ತು, ಅಲ್ಲಿ ನಿಂತವರು ಇಂಥ ಬಾಟಲಿ ದಿನಾ ನೋಡುವವರು.

ಕಾರ್ಡೇಲಿಯಾದಲ್ಲಿ ಊಟ ಟಿಕೆಟ್ಟಲ್ಲೇ, ಎಣ್ಣೆ ಬೇರೆ. ಅಲ್ಲಿಯಾಗ್ಲಿ ಸಿಂಗಾಪುರದ್ದಾಗ್ಲಿ ಮೂರು ರಾತ್ರಿ ಅಂದ್ರೆ ಮೊದಲ ದಿನ ಮಧ್ಯಾಹ್ನದ ಮೇಲೆ ಹತ್ತುವುದು, ಕೊನೆ ದಿನ ಬೆಳಿಗ್ಗೆ ಇಳಿಯುವುದು. ಗ್ಯಾಂಗ್ ಅಂತಿದ್ರೆ, ಎಲ್ರೂ ಕುಡಿಯುವವರಾದ್ರೆ ತಗೊಳ್ಳಿ, ಬಿಲ್ ಯಾರು ಕೊಡುವುದು ಅನ್ನುವ ಜಗಳ ಇರುವುದಿಲ್ಲ. ಇಲ್ಲದಿದ್ರೆ ಬಾರ್ ಮೆನು ಕೇಳಿ ತರಿಸ್ಕೊಳ್ಳಿ, ಒಂದು ಡ್ರಿಂಕ್ ರೇಟಿಗೆ ಟ್ಯಾಕ್ಸ್ ಸರ್ವಿಸ್ ಸೇರಿಸಿ, ಪ್ಯಾಕೇಜಿನ ಒಂದು ದಿನದ ರೇಟನ್ನು ಅದರಿಂದ ಭಾಗಿಸಿ, ಬಂದ ನಂಬರ್ ನೀವು ದಿನಾ ಕುಡೀತೀರಾ ಅಂತ ಹೆಂಡ್ತಿ ಹತ್ರ ಕೇಳಿ, ನೀವೇ ಉತ್ತರ ಹೇಳ್ಬೇಡಿ.

ಪ್ರಶ್ನೆ (ಡಲ್ಲಾಸ್‌ನವರೇ ಮತ್ತೆ): ಕೊನೇದು ಸರ್. ತಗೊಳ್ಳೋದೇ ಆದ್ರೆ ಹಡಗಲ್ಲಿ ತಗೊಳ್ಳೋದಾ ಮುಂಚೇನಾ? ಮತ್ತೆ ಟಿಪ್ಸ್ ಬೇರೆ ಕೊಡ್ಬೇಕಾ?

ಉತ್ತರ: ಮುಂಚೆ. ಹಡಗಲ್ಲಿ ರೇಟ್ ಜಾಸ್ತಿ. ಈಗ್ಲೇ ಆನ್‌ಲೈನಲ್ಲಿ ತಗೊಂಡಿಟ್ಟು ಆಗಾಗ ಇಣುಕಿ ನೋಡ್ತಾ ಇರಿ, ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಸೇಲ್ ಟೈಮಲ್ಲಿ ಇಳಿದ್ರೆ ಹಳೇದು ಕ್ಯಾನ್ಸಲ್ ಮಾಡಿ ಹೊಸ ರೇಟಿಗೆ ತಗೊಳ್ಳಿ. ಮೊದಲು ಹೊಸದರ ರೇಟ್ ಕಣ್ಣಾರೆ ನೋಡಿ, ಆಮೇಲೆ ಹಳೇದು ತೆಗೀರಿ. ರಾಯಲ್‌ನಲ್ಲಿ ತುಂಬಾ ಸಲ ಹೋಗಿ ಅವರ ಮೆಂಬರ್‌ಶಿಪ್‌ನಲ್ಲಿ ಡೈಮಂಡ್ ದರ್ಜೆ ಆದವರು ಜೊತೆಗಿದ್ರೆ ಅವರಿಗೆ ದಿನಕ್ಕೆ ನಾಲ್ಕು ಡ್ರಿಂಕ್ ವೋಚರ್ ಫ್ರೀ ಬರ್ತದೆ, ಅವರು ಪ್ಯಾಕೇಜ್ ತಗೊಳ್ಳುವುದೇ ಬೇಡ.

ಟಿಪ್ಸ್ ಪ್ಯಾಕೇಜಿಗೇ ಸೇರಿದೆ. ಪ್ಯಾಕೇಜ್ ಇಲ್ಲದೆ ಒಂದೊಂದೇ ತಗೊಳ್ಳುವವರು ಚೀಟಿ ನೋಡಿ ಸೈನ್ ಹಾಕಿ, 18 ಪರ್ಸೆಂಟ್ ಆಗ್ಲೇ ಸೇರಿಸಿದ ಮೇಲೆ ಕೆಳಗೆ ಎಕ್ಸ್‌ಟ್ರಾ ಗ್ರಾಚ್ಯುಟಿ ಅಂತ ಒಂದು ಖಾಲಿ ಗೆರೆ ಇರ್ತದೆ, ಅಲ್ಲೂ ಬರೀಬೇಕು ಅಂತ ತಿಳ್ಕೊಂಡು ನಮ್ಮವರು ಎರಡೆರಡು ಸಲ ಕೊಡ್ತಾರೆ. ಕೊಡ್ಲೇಬೇಕು ಅಂತಿಲ್ಲ. ಮೊದಲ ದಿನ ಬಾರ್‌ನವನ ಕೈಗೆ ಒಂದೆರಡು ಡಾಲರ್ ನೋಟು ಇಟ್ರೆ ಅವನು ನಿಮ್ಮ ಮುಖ ಮರೆಯುವುದಿಲ್ಲ, ಅದು ಬೇರೆ ವಿಷಯ.