ದೊಡ್ಡಪ್ಪನ ಹತ್ತು ಸಾವಿರ ಹೆಜ್ಜೆ

ದೊಡ್ಡಪ್ಪ: (ಫಾರ್ವರ್ಡ್ ಆದ ಸಂದೇಶ) ದಿನವೂ 10,000 ಹೆಜ್ಜೆ ನಡೆಯಿರಿ! ಒಂದು ಹೆಜ್ಜೆ ಕಡಿಮೆಯಾದರೂ ಪ್ರಯೋಜನವಿಲ್ಲ! ಮೂರೇ ತಿಂಗಳಲ್ಲಿ ಶುಗರ್ ಮಾತ್ರೆಗೆ ವಿದಾಯ! ತಪ್ಪದೆ ಎಲ್ಲರಿಗೂ ಕಳಿಸಿ!!

ಪದ್ಮತ್ತೆ: ಹಾಗಾದರೆ ನಾನು ಇಷ್ಟು ದಿನ ನಡೆದದ್ದೆಲ್ಲ ದಂಡ. ಈ ಮಂಡಿ ಇಟ್ಟುಕೊಂಡು ನಾಲ್ಕು ಸಾವಿರ ದಾಟುವುದಿಲ್ಲ. ಇವತ್ತಿನಿಂದ ಹೋಗುವುದೇ ಇಲ್ಲ ಬಿಡಣ್ಣ.

ಸುಧಾ: ಅತ್ತೆ, ತಡೆಯಿರಿ! ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದು ತಪ್ಪು. ಈ 10,000 ಡಾಕ್ಟರು ಲೆಕ್ಕ ಹಾಕಿ ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ತಂದಿತು. ಅದಕ್ಕಿಟ್ಟ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’.

ದೊಡ್ಡಪ್ಪ: ಮಾರುವುದಕ್ಕೆ ಇಟ್ಟ ಹೆಸರಾದರೆ ಸುಳ್ಳೇ ಆಗಬೇಕಾ? ಜಾಸ್ತಿ ನಡೆದರೆ ಒಳ್ಳೆಯದು ತಾನೇ?

ಸುಧಾ: ಅದು ನಿಜ. ಕಡಿಮೆ ನಡೆದರೆ ಪ್ರಯೋಜನವಿಲ್ಲ ಅನ್ನುವುದು ಸುಳ್ಳು. ಅಮೆರಿಕದಲ್ಲಿ ಸರಾಸರಿ 72 ವರ್ಷದ 16 ಸಾವಿರಕ್ಕೂ ಹೆಚ್ಚು ಹೆಂಗಸರ ಹೆಜ್ಜೆ ಎಣಿಸಿ, ಆಮೇಲೆ ಕೆಲವು ವರ್ಷ ಗಮನಿಸಿದರು. 2019ರಲ್ಲಿ ಅದು ಪ್ರಕಟವಾಯಿತು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವು ಎಷ್ಟೋ ಕಡಿಮೆ. ಸುಮಾರು 7,500 ಆದಮೇಲೆ ಲಾಭ ಏರಲಿಲ್ಲ. ಅತ್ತೆ, ನಿಮ್ಮ ನಾಲ್ಕು ಸಾವಿರ ದಂಡ ಹೇಗಾಗುತ್ತದೆ?

ವಿನಯ್: ಸುಧಕ್ಕಾ, ಒಂದು ತಕರಾರು. ಗಟ್ಟಿಮುಟ್ಟಾಗಿ ಇದ್ದವರೇ ಜಾಸ್ತಿ ನಡೆದಿರಬಹುದಲ್ವಾ? ಕಾಯಿಲೆಯವರು ಎದ್ದು ಓಡಾಡುವುದೇ ಕಷ್ಟ.

ಸುಧಾ: ಒಪ್ಪಿದೆ ಕಣೋ. ಬರೀ ಎಣಿಕೆಯಿಂದ ಅದು ಪೂರ್ತಿ ಬಗೆಹರಿಯುವುದಿಲ್ಲ. ಆದರೆ ಮೈಯೊಳಗೆ ಏನಾಗುತ್ತದೆ ಅಂತ ನೋಡಿದವರೂ ಇದ್ದಾರೆ. ಊಟ ಆದಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸಕ್ಕರೆ ಅಷ್ಟು ಮೇಲೇರುವುದಿಲ್ಲ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ಕರೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ.

ದೊಡ್ಡಪ್ಪ: ನೋಡಿದಿರಾ! ಅದನ್ನೇ ತಾನೇ ನಾನೂ ಕಳಿಸಿದ್ದು! ಮತ್ತೆ ಮಾತ್ರೆ ಯಾಕೆ?

ದೊಡ್ಡಮ್ಮ: ಓಹೋ. ಮೂರು ದಿನದಿಂದ ಮಾತ್ರೆ ಡಬ್ಬಿ ಇಟ್ಟ ಹಾಗೇ ಇರುವುದು ಇದಕ್ಕೇನಾ?

(ಐದು ನಿಮಿಷ ಯಾರದೂ ಸದ್ದಿಲ್ಲ.)

ವಿನಯ್: ಅಪ್ಪಾ???

ಸುಧಾ: ದೊಡ್ಡಪ್ಪ, ಸಿಟ್ಟಾದರೂ ಪರವಾಗಿಲ್ಲ, ಇದನ್ನು ಹೇಳಲೇಬೇಕು. ನಡಿಗೆಯಿಂದ ಸಕ್ಕರೆ ಇಳಿದು ಕೆಲವರಿಗೆ ಮಾತ್ರೆ ಕಡಿಮೆ ಆಗುವುದುಂಟು. ಆದರೆ ಅದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರು ಮಾಡಬೇಕು, ಫಾರ್ವರ್ಡ್ ನೋಡಿ ನೀವಲ್ಲ. ಸಕ್ಕರೆ ಏರಿದ್ದು ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಮೂರು ದಿನ ತಪ್ಪಿದೆ ಅಂತ ಮುಚ್ಚಿಡದೆ ಹೇಳಿ. ಬಿಟ್ಟದ್ದನ್ನೆಲ್ಲ ಒಟ್ಟಿಗೆ ನುಂಗಬೇಡಿ.

ದೊಡ್ಡಪ್ಪ: ಸರಿ ಸರಿ. ಎಲ್ಲರೆದುರು ಬೈಯುವುದು ಬೇಕಿತ್ತಾ?

ದೊಡ್ಡಮ್ಮ: ಎಲ್ಲರೆದುರು ಕಳಿಸಿದ್ದು ಯಾರು?

ಪದ್ಮತ್ತೆ: ಸುಧಾ, ನನ್ನ ಮಂಡಿ ವಿಷಯ ಹಾಗೇ ಉಳಿಯಿತು. ನಡೆದರೆ ಸವೆಯುತ್ತದೆ ಅನ್ನುತ್ತಾರಲ್ಲ?

ಸುಧಾ: ಕೀಲಿನ ಮೆದು ಎಲುಬಿಗೆ ರಕ್ತನಾಳವೇ ಇಲ್ಲ ಅತ್ತೆ. ಕೀಲು ಅಲ್ಲಾಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಸುಮ್ನೆ ಕೂತರೆ ಬಿಗಿಯುವುದೇ ಜಾಸ್ತಿ. ಒಂದೇ ಸಲಕ್ಕೆ ಬೇಡ, ಹತ್ತು ಹತ್ತು ನಿಮಿಷ ಮೂರು ಸಲ ಹೋಗಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಮಂಡಿ ಊದಿಕೊಂಡರೆ ಮಾತ್ರ ನಿಲ್ಲಿಸಿ ತೋರಿಸಿ.

ಪದ್ಮತ್ತೆ: ನಾನು ಹಾಡಿದರೆ ಜೊತೆಗೆ ಬರುವವರು ನಿಲ್ಲಿಸುತ್ತಾರೆ. ಹೊರಟೆ, ಹತ್ತು ನಿಮಿಷ.

ದೊಡ್ಡಪ್ಪ: ಡಾಕ್ಟರು ಮಾಮೂಲಿ ಮಾತ್ರೆ ಇವತ್ತೇ ಶುರು ಮಾಡಿ, ನಾಳೆ ಪರೀಕ್ಷೆಗೆ ಬನ್ನಿ ಅಂದರು. ನುಂಗಿದೆ.

(ಈ ಸಂದೇಶವನ್ನು ಅಳಿಸಲಾಗಿದೆ)

ದೊಡ್ಡಪ್ಪ: ವಿನಯ್, ಇದನ್ನು ಇನ್ನೂ ನಾಲ್ಕು ಗುಂಪಿಗೆ ಕಳಿಸಿದ್ದೆ. ಅಲ್ಲಿಯೂ ಹೀಗೇ ಅಳಿಸಬಹುದಾ?